ಲಗಾಮಿನ ದೋಷ, ಹಿಂಗಾಲಿನ ಮದ್ದು

ಹುಟ್ಟಿನಿಂದಲೇ ನೇರವಾಗಿ ನಡೆಯುವ ಕುದುರೆ ಸಿಗುವುದು ಕಷ್ಟ. ಮನುಷ್ಯರಲ್ಲಿ ಎಡಚರು ಇರುವಂತೆ ಕುದುರೆಗೂ ಒಂದು ಮಗ್ಗುಲು ಸಲೀಸು, ಇನ್ನೊಂದು ಬಿಗಿ. ಹಾಗಾಗಿ ಸವಾರನ ಒಂದು ಕೈಗೆ ಲಗಾಮು ಭಾರ, ಇನ್ನೊಂದು ಕೈಯಲ್ಲಿ ಅದು ಜೋಲು. ಗ್ರೀಸಿನ ಕ್ಸೆನೊಫೋನ್ ಕ್ರಿ.ಪೂ. 4ನೇ ಶತಮಾನದಲ್ಲೇ ಇದರ ಬಗ್ಗೆ ಯೋಚಿಸಿದ್ದ. ಬಾಯಿಯ ಎರಡೂ ಪಕ್ಕ ತಿರುವಿಗೆ ಒಗ್ಗಲೆಂದು ದಿಕ್ಕು ಬದಲಿಸುತ್ತ ಸುತ್ತು ಹಾಕಿಸಲು ಹೇಳಿದ್ದ.

ಅವನ ನಂತರ ಬಂದವರು ಬಹುಕಾಲ ಕೈಬಲವನ್ನೇ ನೆಚ್ಚಿಕೊಂಡರು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟ ವಿಲಿಯಂ ಕ್ಯಾವೆಂಡಿಶ್, ಅಂದರೆ ಮುಂದೆ ನ್ಯೂಕ್ಯಾಸಲ್ ಡ್ಯೂಕ್ ಆದವನು, ಆಂಟ್ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸನ ಮನೆ ಬಾಡಿಗೆಗೆ ಹಿಡಿದು ಸಾಲದ ನಡುವೆಯೂ ಕುದುರೆ ಪಳಗಿಸುತ್ತಿದ್ದ. 1658ರಲ್ಲಿ ಭಾರಿ ಗಾತ್ರದ ಸಚಿತ್ರ ಗ್ರಂಥವನ್ನೂ ಹೊರತಂದ. ಒಳಗಿನ ಹಗ್ಗವನ್ನು ಜೀನಿನ ಕಡೆಗೆ ಸೆಳೆದು, ಕತ್ತು ಬಾಗಿಸಿ, ವೃತ್ತದಲ್ಲಿ ಸುತ್ತಿಸುವುದು ಅವನ ಕ್ರಮ. ಮೈಯೇನೋ ಬಳುಕುತ್ತಿತ್ತು, ಆದರೆ ಭಾರವೆಲ್ಲ ಭುಜದ ಮೇಲೆ ಬೀಳುತ್ತಿತ್ತು.

ಈ ದೋಷವನ್ನು ಹಿಡಿದವನು ಪ್ಯಾರಿಸ್ಸಿನ ಟ್ಯುಲರೀಸ್ ಅರಮನೆಯ ಸವಾರಿ ಶಾಲೆ ನಡೆಸುತ್ತಿದ್ದ ಫ್ರಾನ್ಸ್ವಾ ರೊಬಿಶೋ ದ ಲಾ ಗೆರಿನಿಯೇರ್. ನ್ಯೂಕ್ಯಾಸಲನ ಪಾಠವನ್ನು ಆತ ವೃತ್ತದಿಂದ ಬಿಡಿಸಿ ಗೋಡೆಯ ಪಕ್ಕದ ನೇರ ಗೆರೆಗೆ ತಂದ. ಇಂದು ಸವಾರರು ‘ಶೋಲ್ಡರ್-ಇನ್’ ಅನ್ನುವುದು ಇದನ್ನೇ. ಹಿಂಭಾಗ ಗೋಡೆಯ ಗೆರೆಯಲ್ಲೇ ಉಳಿಯುತ್ತದೆ. ಭುಜಗಳಷ್ಟೇ ತುಸು ಒಳಕ್ಕೆ ಬರುತ್ತವೆ. ಸವಾರನ ಒಳಗಾಲು ಪಕ್ಕೆಯನ್ನು ಒತ್ತಿದಾಗ ಕುದುರೆಯ ಒಳಗಿನ ಹಿಂಗಾಲು ಹೊಟ್ಟೆಯ ಕೆಳಗೆ ಮುಂದಕ್ಕೆ ಬಂದು ಮೈಭಾರ ಹೊರುತ್ತದೆ. ಆಗ ಹೊರಗಿನ ಲಗಾಮು ತಾನಾಗಿ ತುಂಬಿಕೊಂಡು, ಒಳಗಿನದು ಹಗುರಾಗುತ್ತದೆ. ಡೊಂಕು ತಿದ್ದಲು ಬೇಕೆಂದೇ ಬಾಗಿಸುವ ಈ ಜಾಣತನವಿರುವ ಅವನ ಗ್ರಂಥ 1733ರದು. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಗೆ ಅದು ಈಗಲೂ ಆಧಾರ.

ಆದರೆ ಡೊಂಕಿಗೆ ಅಂಗರಚನೆಯ ಕಾರಣವನ್ನು ಒತ್ತಿ ಹೇಳಿದ್ದು ಜರ್ಮನಿಯ ಗುಸ್ತಾವ್ ಸ್ಟೈನ್‌ಬ್ರೆಕ್ಟ್ (1808–1885). ಪಶುವೈದ್ಯ ಓದಿದ್ದವನಲ್ಲವೇ, ಕಣ್ಣು ಎಲುಬಿನ ಮೇಲೇ ಹೋಗಿರಬೇಕು. ಕುದುರೆಯ ಭುಜ ಕಿರಿದು, ಸೊಂಟ ಅಗಲ. ಹೊರಭುಜವನ್ನೂ ಹೊರಸೊಂಟವನ್ನೂ ಗೋಡೆಗೆ ಸಮವಾಗಿ ಇಟ್ಟುಕೊಂಡು ನಡೆದರೆ ಒಳಗಿನ ಹಿಂಗಾಲು ಮುಂಗಾಲಿನ ಜಾಡು ತಪ್ಪಿ ಒಳಕ್ಕೆ ಬೀಳುವುದು ಖಚಿತ. ಇಲ್ಲಿ ಸೊಂಟವನ್ನು ಹೊರಕ್ಕೆ ತಳ್ಳಿ ಫಲವಿಲ್ಲ. ಭುಜವನ್ನೇ ತಂದು ಸೊಂಟದ ಮುಂದೆ ನಿಲ್ಲಿಸಬೇಕು, ಅದೂ ಕುದುರೆ ಹುರುಪಿನಿಂದ ಮುಂದೆ ಸಾಗುತ್ತಿರುವಾಗ. ಬಿಗಿ ಕಡೆಯ ಲಗಾಮನ್ನು ಜಗ್ಗಿ ಸರಿಮಾಡುವ ಚಟ ಇಂದಿಗೂ ಹೋಗಿಲ್ಲವೆಂದರೆ ಅವನನ್ನು ಓದಿದವರು ಕಡಿಮೆ ಎಂದೇ ಅರ್ಥ. ಅವನು ಬಿಟ್ಟುಹೋದ ಬರಹವನ್ನು ಶಿಷ್ಯ ಪ್ಲಿಂಟ್ಸ್ನರ್ ಪುಸ್ತಕವಾಗಿ ತಂದ.

ಇಂದಿನ ಡ್ರೆಸ್ಸಾಜ್ ಸ್ಪರ್ಧೆಯ ಪ್ರಿ ಸೇಂಟ್ ಜಾರ್ಜ್ ಪರೀಕ್ಷೆಯಲ್ಲಿ ಶೋಲ್ಡರ್-ಇನ್ ಕಡ್ಡಾಯ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡಿ ತೋರಿಸಬೇಕು. ತೀರ್ಪುಗಾರರು ಎರಡಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ.