ಕೋಲಾರ ಜಿಲ್ಲೆಯಲ್ಲಿ ಫ್ಲೋರೋಸಿಸ್ ನಿಗಾ ಮತ್ತು ತ್ಯಾಜ್ಯನೀರಿನ ಪರೀಕ್ಷೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲದ ಕಾರಣ ಜನರು ದಶಕಗಳಿಂದ ಆಳವಾದ ಕೊಳವೆ ಬಾವಿಗಳನ್ನು ಅವಲಂಬಿಸಿರುತ್ತಾರೆ. ಶಿಲಾಪದರದಲ್ಲಿನ ಫ್ಲೋರೈಡ್ ಅಂಶವು ಈ ನೀರಿನಲ್ಲಿ ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹುಕಾಲ ಸೇವಿಸಿದವರಲ್ಲಿ ಫ್ಲೋರೋಸಿಸ್ ಕಾಣಿಸಿಕೊಳ್ಳುತ್ತದೆ. ಮಕ್ಕಳ ಹಲ್ಲಿನ ಮೇಲೆ ಮೂಡಿದ ಕಂದು ಪಟ್ಟೆ ತಾನಾಗಿ ಮಾಸುವುದಿಲ್ಲ. ಬಾಗಿದ ಮೂಳೆಯೂ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಯರಗೋಳ್ ಯೋಜನೆಯು 2023ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿದ್ದು, ಕೋಲಾರ, ಮಾಲೂರು ಮತ್ತು ಬಂಗಾರಪೇಟೆ ಪಟ್ಟಣಗಳಿಗೆ ನೀರು ಒದಗಿಸಲು ರೂಪಿತವಾಗಿದೆ. ಮುಳಬಾಗಿಲು ಮತ್ತು ಶ್ರೀನಿವಾಸಪುರ ಪಟ್ಟಣಗಳು ಇದರಲ್ಲಿ ಸೇರಿಲ್ಲ.

ತ್ಯಾಜ್ಯನೀರಿನಿಂದ ರೋಗ ತಿಳಿಯಬಹುದೇ?

ಬೆಂಗಳೂರಿನ ತ್ಯಾಜ್ಯನೀರು ಶುದ್ಧೀಕರಣ ಘಟಕಗಳಲ್ಲಿ 2021ರಿಂದ ಮಾದರಿ ಸಂಗ್ರಹಿಸಿ ಕೊರೋನಾ ವೈರಾಣುವಿನ ಏರಿಳಿತವನ್ನು ಗುರುತಿಸಲಾಯಿತು. ದೀರ್ಘಕಾಲಿಕ ರೋಗಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಮಧುಮೇಹದ ಮೆಟ್‌ಫಾರ್ಮಿನ್ ಔಷಧವು ಬಹುತೇಕ ರೂಪಾಂತರಗೊಳ್ಳದೆ ಮೂತ್ರದಲ್ಲಿ ಹೊರಹೋಗುವುದರಿಂದ, ಒಳಚರಂಡಿ ನೀರಿನಲ್ಲಿ ಅದನ್ನು ಅಳೆದು ಊರಿನಲ್ಲಿ ಔಷಧದ ಬಳಕೆ ಎಷ್ಟೆಂದು ಸ್ಥೂಲವಾಗಿ ಅಂದಾಜಿಸಬಹುದು. ಔಷಧ ಸೇವಿಸದ ರೋಗಿಯೂ, ಒಳಚರಂಡಿಗೆ ಸೇರದೆ ಗುಂಡಿ ಬಳಸುವ ಮನೆಯೂ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಫ್ಲೋರೋಸಿಸ್‌ಗೆ ಈ ವಿಧಾನ ಹೊಂದುವುದಿಲ್ಲ. ಸ್ನಾನ, ಬಟ್ಟೆ ಒಗೆತಗಳ ನೀರಿನಲ್ಲಿಯೂ ಅದೇ ಕೊಳವೆ ಬಾವಿಯ ಫ್ಲೋರೈಡ್ ಇರುವುದರಿಂದ, ಚರಂಡಿಯಲ್ಲಿ ಸಿಕ್ಕಿದ್ದು ದೇಹದಿಂದ ಬಂದದ್ದೋ ನಲ್ಲಿಯಿಂದ ಬಂದದ್ದೋ ಎಂದು ಬೇರ್ಪಡಿಸಲಾಗದು. ಆದುದರಿಂದ 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಕುಡಿಯುವ ನೀರು ಹಾಗೂ ವ್ಯಕ್ತಿಯ ಮೂತ್ರ, ಇವೆರಡನ್ನೂ ಪರೀಕ್ಷಿಸುವ ಕ್ರಮವಿದೆ.

ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿರುವುದು ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು. ಅದರಲ್ಲಿ ಔಷಧದ ಅಂಶ ಕಂಡುಬಂದಲ್ಲಿ ಅದು ಮುಖ್ಯವಾಗಿ ಬೆಂಗಳೂರಿನವರ ಆರೋಗ್ಯದ ಸೂಚನೆಯೇ ಹೊರತು ಕೋಲಾರದವರದ್ದಲ್ಲ. ಅಂತರ್ಜಲ ಮರುಪೂರಣವೇ ಈ ಯೋಜನೆಯ ಉದ್ದೇಶವಾಗಿದ್ದು, ಕೆರೆಯ ನೀರನ್ನು ನೇರವಾಗಿ ಕುಡಿಯತಕ್ಕದ್ದಲ್ಲ.

ನೀರಿನ ಪರೀಕ್ಷೆ ಕೋರುವವರಿಗೆ

ಗ್ರಾಮಸ್ಥರು ಮೊದಲು ಗ್ರಾಮ ಪಂಚಾಯಿತಿಯನ್ನು ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ಸಂಪರ್ಕಿಸಬಹುದು. ಕೊಳವೆ ಬಾವಿಯ ನೀರನ್ನು ಕೆಲ ನಿಮಿಷ ಹರಿಯಬಿಟ್ಟು, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ತೊಳೆದು ಮಾದರಿ ತುಂಬಬೇಕು. ಮೂಲದ ಸ್ಥಳ ಮತ್ತು ದಿನಾಂಕವನ್ನು ಬಾಟಲಿಯ ಮೇಲೆ ಬರೆಯಬೇಕು. ಮನೆಯಲ್ಲಿ ಎರಡು ಮೂಲಗಳಿದ್ದಲ್ಲಿ ಪ್ರತ್ಯೇಕ ಮಾದರಿ ಕೊಡುವುದು ಅಗತ್ಯ. ಅಕ್ಕಪಕ್ಕದ ಬಾವಿಗಳಲ್ಲಿಯೂ ಪ್ರಮಾಣ ಭಿನ್ನವಾಗಿರಬಹುದು.

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಕ್ಕಳ ಹಲ್ಲಿನಲ್ಲಿ ಕಲೆ, ಹಿರಿಯರಲ್ಲಿ ಕುತ್ತಿಗೆ ಅಥವಾ ಬೆನ್ನಿನ ಬಿಗಿತ ಕಂಡುಬಂದಲ್ಲಿ ನೀರಿನ ವರದಿಯೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ತೆರಳಿ, ಮೂತ್ರ ಪರೀಕ್ಷೆಯ ಬಗ್ಗೆ ವೈದ್ಯಾಧಿಕಾರಿಗಳಲ್ಲಿ ವಿಚಾರಿಸತಕ್ಕದ್ದು.