ಐಗಳ ಮಠದ ಓದು: ಧಾರವಾಡ ಸೀಮೆಯ ಒಂದು ಟಿಪ್ಪಣಿ

ಧಾರವಾಡ ಸೀಮೆಯ ಐಗಳ ಮಠಗಳಲ್ಲಿ ಬಾಯಿಪಾಠವಷ್ಟೇ ನಡೆಯುತ್ತಿತ್ತು, ಅರ್ಥವರಿತ ಓದು ಸರಕಾರಿ ಶಾಲೆಗಳೊಂದಿಗೆ ಬಂದಿತು ಎಂಬ ಅಭಿಪ್ರಾಯ ರೂಢವಾಗಿದೆ. ಇದು ಅರ್ಧಸತ್ಯ.

ಮರಳಿನ ಮೇಲೆ ಅಕ್ಷರ ತಿದ್ದಿದ ಹುಡುಗನು ಮುಂದೆ ಲಕ್ಷ್ಮೀಶನ ‘ಜೈಮಿನಿ ಭಾರತ’ಕ್ಕೆ ಬರುತ್ತಿದ್ದನು. ಓಲೆಗರಿ, ಕೈಬರಹದ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿರುತ್ತಿರಲಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಓದುವವನೇ ನಿರ್ಣಯಿಸಬೇಕು. ಅಲ್ಲಿ ತಪ್ಪಿದರೆ ಅರ್ಥವೂ ತಪ್ಪಿತು. ಈ ಕೆಲಸಕ್ಕೆ ವಾರ್ಧಕ ಷಟ್ಪದಿಯ ಕಟ್ಟೇ ಕಾವಲು: ಐದೈದು ಮಾತ್ರೆಗಳ ಗಣ, ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಒಂದು ಅಕ್ಷರ ಜಾರಿದರೂ ಕಿವಿ ಹಿಡಿಯುತ್ತಿತ್ತು. ಇಂದು ‘ಸೂಕ್ಷ್ಮ ಓದು’ ಎನ್ನುವುದರ ಮೊದಲ ಹೆಜ್ಜೆ ಇದೇ. ಎಲ್ಲ ಐಗಳೂ ಅರ್ಥ ಬಿಡಿಸುತ್ತಿದ್ದರೆಂದಲ್ಲ. ಬೆತ್ತಕ್ಕೆ ಅಂಜಿ ಒಪ್ಪಿಸಿದವರೇ ಹೆಚ್ಚಿರಬಹುದು.

ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಈ ಮಠಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಅವರಿಗೆ ಈ ಅಭ್ಯಾಸ ದೊರೆತದ್ದು ಒಗಟಿನಲ್ಲಿ. ಪ್ರತಿ ಮಾತನ್ನೂ ತೂಗಿ ನೋಡದೆ ಒಗಟು ಬಿಡಿಸಲಾಗದು. ಶಿಕ್ಷಣ ಚರಿತ್ರೆಕಾರರು ಇದನ್ನು ಲೆಕ್ಕಕ್ಕೆ ಹಿಡಿದದ್ದು ವಿರಳ.

ಮುಂಬಯಿ ಪ್ರಾಂತದಲ್ಲಿ ಮರಾಠಿ ಪ್ರಬಲವಾಗಿದ್ದಾಗ ಕನ್ನಡ ಶಾಲೆಗಳಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಅವರ ಕಾಲದಲ್ಲಿ, 1865ರಲ್ಲಿ, ಶಿಕ್ಷಕರಿಗಾಗಿ ಹೊರಟ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಶಾಲೆ ಹೊಸದು, ಹೆಸರು ಮಾತ್ರ ಹಳೆಯ ಮಠದ್ದೇ. ಬದಲಾದದ್ದು ಪುಸ್ತಕ. ಅಚ್ಚಿನ ಪಠ್ಯದಲ್ಲಿ ಪದಗಳು ಬಿಡಿಬಿಡಿಯಾಗಿಯೇ ಬಂದವು. ಕಲಿಕೆ ಹಗುರಾಯಿತು, ಕಲಿಯುವವರೂ ಹೆಚ್ಚಿದರು. ಪದ ಬಿಡಿಸುವ ಕೆಲಸ ಹುಡುಗನಿಂದ ಅಚ್ಚುಮೊಳೆ ಜೋಡಿಸುವವನ ಕೈಗೆ ಹೋಯಿತು.