ಶರೀಫರ ಪದಗಳೂ ‘ಜಗ್ ಚಂಗಾ’ವೂ

ಕಳಸವೆಂದೊಡನೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರಿಗೆ ಭದ್ರೆಯ ದಡದ ಕಲಶೇಶ್ವರ ಕ್ಷೇತ್ರವೇ ನೆನಪಿಗೆ ಬರುವುದು. ಶಿಶುನಾಳ ಶರೀಫರ ಗುರು ಗೋವಿಂದಭಟ್ಟರ ಕಳಸವು ಇದಲ್ಲ. ಅದು ಕುಂದಗೋಳದ ಕಡೆಯ ಬಯಲುಸೀಮೆಯ ಊರು. ಬ್ರಾಹ್ಮಣ ಗುರುವಿಗೆ ಶಿಷ್ಯನಾದ ಮುಸಲ್ಮಾನ ಕವಿಯ (1819–1889) ತತ್ತ್ವಪದಗಳು ಆ ಎರೆಮಣ್ಣಿನ ನಾಡಿನಲ್ಲಿ ಹುಟ್ಟಿ, ಭಜನೆಯವರ ಬಾಯಿಂದ ಬಾಯಿಗೆ ಸಾಗಿ ಬಂದುವು. ಅವು ಮಲೆನಾಡಿನ ಜಗಲಿಯನ್ನು ಏರಿದ ಬಗೆಯೂ, ಮುಂದೆ ರಾಕ್ ತಂಡವೊಂದರ ಎರಡನೆಯ ಆಲ್ಬಮನ್ನು ಸೇರಿದ ಬಗೆಯೂ ವಿಚಾರಾರ್ಹವಾದುವು.

ಈ ಪದಗಳನ್ನು ಸುಗಮ ಸಂಗೀತದ ಮೂಲಕ ನಾಡಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥರು ಅಗ್ರಗಣ್ಯರು. ನೆರೆಯ ನಗರಸೀಮೆಯಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ತುಂಬುಕಂಠವೂ ಈ ಕಾರ್ಯಕ್ಕೆ ಒದಗಿತು. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರವು 1990ರಲ್ಲಿ ತೆರೆಕಂಡ ಮೇಲಂತೂ ಶರೀಫರನ್ನು ಅರಿಯದ ಕನ್ನಡಿಗರು ವಿರಳರಾದರು.

‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದವನ್ನೇ ನೋಡಬಹುದು. ಅದರ ಮಾಳಿಗೆಯು ಬಯಲುಸೀಮೆಯ ಮಟ್ಟಸವಾದ ಮಣ್ಣಿನ ಮೇಲ್ಛಾವಣಿ. ಇಳಿಜಾರಿನ ಹೆಂಚು, ಸೋಗೆಗಳ ಮಲೆನಾಡಿಗೆ ಅಂಥ ಮನೆಯ ಪರಿಚಯವಿಲ್ಲ. ಆದರೂ ಆಷಾಢದ ಇರುಳಿನಲ್ಲಿ ಸೋರುವ ಸೂರಿನಡಿ ಪಾತ್ರೆಯಿಟ್ಟು ಕುಳಿತವರಿಗೆ ಈ ರೂಪಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ವಿನ್ಯಾಸವು ಬೇರೆಯಾದರೂ ಸೋರುವ ದುಃಖವು ಒಂದೇ.

ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ರಘು ದೀಕ್ಷಿತರು ಗಿಟಾರನ್ನು ಕೈಗೆತ್ತಿಕೊಂಡು ತಮ್ಮ ತಂಡದ ಮೊದಲ ಆಲ್ಬಮನ್ನು 2008ರಲ್ಲಿ ಹೊರತಂದರು. ಸೋರುವ ಮಾಳಿಗೆಯ ಪದವೂ, ‘ಗುಡುಗುಡಿಯ ಸೇದಿ ನೋಡೋ’ ಎಂಬುದೂ ಅದರಲ್ಲಿದ್ದುವು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಈ ತಂಡದ ಗಾಯನ ನಡೆಯಿತು.

ಮೊದಲನೆಯ ಕೃತಿಯ ಜಯವನ್ನು ಹೊಸತನದ ಆಕರ್ಷಣೆಯೆಂದು ಹೇಳಿ ತಳ್ಳಿಹಾಕಬಹುದು. ಎರಡನೆಯದು ಅಂಥ ರಿಯಾಯಿತಿಯನ್ನು ಬೇಡಲಾರದು. 2013ರ ‘ಜಗ್ ಚಂಗಾ’ವು ಇಂತಹ ಪರೀಕ್ಷೆಯ ಕೃತಿ. ಜಗತ್ತು ಚೆನ್ನಾಗಿದೆಯೆಂಬುದು ಆ ಪರಭಾಷೆಯ ಹೆಸರಿನ ಅರ್ಥ. ವಿದೇಶದ ಕರತಾಡನವನ್ನು ಕೇಳಿ ಬಂದ ತಂಡವು ಆ ಹೆಸರಿನ ಆಲ್ಬಮಿನಲ್ಲಿಯೂ ಶರೀಫರನ್ನು ಕೈಬಿಡದೆ ‘ಲೋಕದ ಕಾಳಜಿ’ಯನ್ನು ಹಾಡಿತು. ಲೋಕವನ್ನೆಲ್ಲ ತಾನೇ ಹೊತ್ತಿರುವೆನೆಂದು ಚಿಂತಿಸುವವನ ಅಹಂಕಾರವನ್ನು ನಗುತ್ತಲೇ ಇಳಿಸುವ ಪದವಿದು. ಆಲ್ಬಮಿನ ಹೆಸರಿಗೂ ಈ ಪದಕ್ಕೂ ಒಳಗಿಂದೊಳಗೆ ಒಂದು ನಂಟುಂಟು.

ಡ್ರಮ್ಮಿನ ಅಬ್ಬರದಲ್ಲಿ ತತ್ತ್ವವು ಮುಳುಗಿಹೋಗದೆ ಎಂಬ ಆಕ್ಷೇಪವು ಸಹಜವೇ ಆದುದು. ಅರ್ಥವನ್ನು ಮರೆತು ಕುಣಿಯುವವರೂ ಇಲ್ಲದಿಲ್ಲ. ಆದರೆ ಶರೀಫರು ತತ್ತ್ವವನ್ನು ಹೇಳಲು ಸೇದುವ ಗುಡುಗುಡಿಯನ್ನೇ ಬಳಸಿಕೊಂಡವರು; ಎದುರಿಗಿದ್ದ ವಸ್ತುವೇ ಅವರಿಗೆ ಸಾಧನವಾಯಿತು. ಹೊಸ ತಲೆಮಾರಿನ ಎದುರಿಗಿರುವುದು ಗಿಟಾರು. ವಾದ್ಯವು ಶುದ್ಧವೋ ಅಶುದ್ಧವೋ ಎಂಬುದಕ್ಕಿಂತ, ವಾದ್ಯವು ನಿಂತ ಮೇಲೆ ಕೇಳಿದವನ ಮನಸ್ಸಿನಲ್ಲಿ ಪದವು ಉಳಿಯಿತೇ ಎಂಬುದೇ ಮುಖ್ಯ. ಹಾಗೆ ಉಳಿಯಬೇಕಾದರೆ ಹಿರಿಯರು ಮನೆಯಲ್ಲಿ ಅದರ ಅರ್ಥವನ್ನು ಹೇಳಿಕೊಡಬೇಕು. ಆ ಹೊಣೆಯು ಯಾವ ತಂಡದ್ದೂ ಅಲ್ಲ.